ಬದಾಮಿ ಎಲೆಯ ಪರದೆ

ರಾತ್ರಿ ಪೂರ್ತಿ ಹೊಯ್ದ ಮಿರಗದ ಮಳೆ ನಸುಕಿನ ಬಾಂಗಿನ ಹೊತ್ತಿಗೆ ನಿಂತಿತ್ತು. ಪಡುವಣ ಗಾಳಿ ಮಾತ್ರ ಇನ್ನೂ ಬೀಸುತ್ತಲೇ ಇತ್ತು; ಲಕಮನಹಳ್ಳಿಯ ಕಾರಖಾನೆಗಳ ಕಡೆಯಿಂದ ತೊಯ್ದ ಕಬ್ಬಿಣದ ವಾಸನೆ ಹೊತ್ತುಕೊಂಡು ಓಣಿ ಓಣಿ ಹಾಯುತ್ತಿತ್ತು. ಮೋಡ ಎಷ್ಟು ತಗ್ಗಿತ್ತೆಂದರೆ ಮಸೀದಿಯ ಮಿನಾರಿನ ದೀಪ ಅದರೊಳಗೆ ಹೊಕ್ಕು ಕುಂತಂತಿತ್ತು. ರಾಜಬಿ ನಮಾಜಿನ ಮುಂಚಿನ ವಜೂಕ್ಕೆಂದು ತಂಬಿಗೆ ಹಿಡಿದು ಅಂಗಳಕ್ಕಿಳಿದಳು. ಬದಾಮಿ ಗಿಡದ ಬುಡದ ಕಲ್ಲಿನ ಮೇಲೆ ಕುಂತು, ಬಿಸ್ಮಿಲ್ಲಾ ಅಂದು ಕೈ ತೊಳೆಯತೊಡಗಿದಳು.

ಮಳೆ ಬಂದರೂ ಆ ಗಿಡದ ಕೆಳಗೆ ಲಗೂನೆ ಹನಿ ಬೀಳುತ್ತಿರಲಿಲ್ಲ. ಎರಡು ಅಂಗೈ ಜೋಡಿಸಿದಷ್ಟು ಅಗಲದ ಎಲೆಗಳು ಅಂತಸ್ತು ಅಂತಸ್ತಾಗಿ ನೀರು ಹಿಡಿದು, ಒಂದರಿಂದ ಒಂದಕ್ಕೆ ದಾಟಿಸಿ, ದೂರ ಒಯ್ದು ಚೆಲ್ಲುತ್ತಿದ್ದವು. ಅಂದು ಹನಿ ಸೀದಾ ನೆತ್ತಿಗೇ ಬಿತ್ತು. ರಾಜಬಿ ಕತ್ತೆತ್ತಿ ನೋಡಿದಳು. ಎಲೆಗಳು ಜರಡಿಯಾಗಿದ್ದವು. ಹಸಿರೆಲ್ಲ ಹೋಗಿ ನರದ ಬಲೆಯಷ್ಟೇ ಉಳಿದು, ಅದರೊಳಗಿಂದ ಬೂದಿಬಣ್ಣದ ಆಕಾಶ ತೂತು ತೂತಾಗಿ ಕಾಣುತ್ತಿತ್ತು. ಒಂದೊಂದು ಎಲೆಯ ಹಿಂದೆಯೂ ಜೋಳದ ಕಾಳಿನಷ್ಟು ದಪ್ಪನೆಯ, ಮಸಿನೀಲಿ ಬೆನ್ನಿನ ಹುಳಗಳು ಸಾಲುಗಟ್ಟಿ ಮೇಯುತ್ತಿದ್ದವು. ಒಂದು ಹುಳ ಆಕೆಯ ಮುಂಗೈ ಮೇಲೆ ಉದುರಿ, ಕಾಲು ಮಡಚಿ ಸತ್ತಂತೆ ಬಿತ್ತು. ಊದಿದರೂ ಅಲುಗಲಿಲ್ಲ. ಆಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ನಡೆದುಹೋಯಿತು.

ಅಷ್ಟರಲ್ಲಿ ಮೇಲೆ ದೀಪ ಹತ್ತಿತು. ಪಕ್ಕದ ದುರಗವ್ವನ ಮನೆಯ ಹೊಸ ಮಾಳಿಗೆಯ ಕಿಟಕಿ. ಬಾಡಿಗೆಗಿದ್ದ ಕಾರಖಾನೆಯ ಹುಡುಗನೊಬ್ಬ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಮೊಬೈಲು ನೋಡುತ್ತ ನಿಂತಿದ್ದ. ರಾಜಬಿ ಸೆರಗು ಹಣೆತನಕ ಎಳೆದುಕೊಂಡು, ವಜೂ ಅರ್ಧಕ್ಕೆ ಬಿಟ್ಟು, ಒಳಗೆ ಬಂದುಬಿಟ್ಟಳು.

ಗಂಡ ಅಲ್ಲಾವುದ್ದೀನಸಾಬ ಮಣ್ಣು ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ರಾಜಬಿ ಇದ್ದತ್ತಿಗೆ ಕುಂತಿದ್ದಳು. ಗಂಡ ಸತ್ತ ಹೆಂಗಸು ನಾಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು, ಸಿಂಗಾರ ಮಾಡಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಅಂಗಳ ಮನೆಯೊಳಗಿನದೇ ಲೆಕ್ಕ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ದುರಗವ್ವನ ಮಾಳಿಗೆ ಎದ್ದಾಗಲೂ ಚಿಂತೆಯಾಗಿರಲಿಲ್ಲ, ನಡುವೆ ಬದಾಮಿ ಗಿಡವಿತ್ತು. ಅದರ ಎಲೆಯೇ ಈ ಮನೆಯ ಹೆಂಗಸರ ಪರದೆ.

ಆ ಗಿಡದ ಕೆಳಗೇ ಅಲ್ಲಾವುದ್ದೀನಸಾಬ ಬದುಕು ಮಾಡಿದ್ದ. ಪಿಂಜಾರರ ಮನೆತನ; ಹತ್ತಿ ಹಿಂಜಿ ಗಾದಿ ತುಂಬುವುದು ಕಸುಬು. ಹಿಂಜುವ ಬಿಲ್ಲು ಮಿಡಿದರೆ ಹತ್ತಿ ಹಾರಿ ಎಲೆಗೆಲ್ಲ ಮೆತ್ತಿಕೊಂಡು, ಬೇಸಿಗೆಯಲ್ಲೂ ಮಂಜು ಬಿದ್ದಂತೆ ಕಾಣುತ್ತಿತ್ತು. ಆತ ಕೊನೆಗೆ ಹಿಂಜಿದ ಹತ್ತಿ ಈಗಲೂ ಗಿಡದ ಬುಡಕ್ಕೇ ಗುಡ್ಡೆಯಾಗಿತ್ತು. ರಾಜಬಿಯೇ ಅದರ ಮೇಲೆ ತಾಡಪಲ್ಲು ಹೊದಿಸಿ, ಯಾರೂ ಮುಟ್ಟಬಾರದೆಂದು ಹೇಳಿದ್ದಳು.

ಮುಂಜಾನೆ ರೊಟ್ಟಿಗೆ ಎಲ್ಲರೂ ಅಡುಗೆಮನೆಯಲ್ಲಿ ಕುಂತರು. ಮಗ ಹಫೀಜನಿಗೆ ಪೇಟೆಯಲ್ಲಿ ಫೋಮಿನ ಗಾದಿ ಅಂಗಡಿ. ಸೊಸೆ ಶಾಹೀನ ಮನೆಯಲ್ಲೇ ಮಶೀನಿನ ಮೇಲೆ ಗಾದಿಗೆ ತೊಡಿಸುವ ಗಲೀಪು ಹೊಲಿಯುತ್ತಾಳೆ. ಮೊಮ್ಮಗಳು ಹುಮಾ ಕಾಲೇಜಿನ ಮೊದಲ ವರ್ಷ.

"ಹುಮಾ, ನಿಮ್ಮ ದಾದಿಗೆ ಹೇಳು," ಹಫೀಜ ರೊಟ್ಟಿ ಮುರಿಯುತ್ತ ಅಂದ, "ಇನ್ನ ಮ್ಯಾಲ ಅಂಗಳಕ್ಕ ಹೋಗೂದು ಬ್ಯಾಡ. ಮ್ಯಾಲಿನ ಹುಡುಗೂರಿಗೆ ಎಲ್ಲಾ ಕಾಣಾಕತ್ತೈತಿ."

"ದಾದೀ, ಅಬ್ಬಾ ಹೇಳಾಕತ್ತಾರ..."

"ಕೇಳಸ್ತವ್ವಾ. ನಾ ಏನ ಕಿವುಡಿ ಆಗಿಲ್ಲ."

"ಅಬ್ಬಾ, ದಾದಿ ಕಿವುಡಿ ಆಗಿಲ್ಲಂತ."

"ನೀ ಏನ ಪೋಸ್ಟಮನ್ನ ಆಗೀಯೇನ? ಬಾಯಿ ಮುಚಗೊಂಡ ಉಣ್ಣು," ಶಾಹೀನ ಮಗಳ ತಾಟಿಗೆ ಪಲ್ಯ ಬಡಿಸಿದಳು.

ನಗುವ ಮಾತೇ. ಆದರೆ ಯಾರೂ ನಗಲಿಲ್ಲ. ಹಫೀಜ ತಾಯಿಯ ಕೂಡ ನೇರ ಮಾತಾಡುವುದನ್ನು ಬಿಟ್ಟಿದ್ದ. ಅದು ಅಪ್ಪನ ಜನಾಜಾ ಎತ್ತಿದ ದಿನದ ಮಾತು. ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡುತ್ತೇನೆಂದು ಒಪ್ಪಿದ ಮೆಹರು ಕೊಡದೆ ಸತ್ತರೆ ಅದು ಆತನ ತಲೆಯ ಮೇಲಿನ ಸಾಲ; ಹೆಂಡತಿ ಬಿಟ್ಟೆನೆಂದರೆ ಸಾಲ ಹರಿಯಿತು. ಹೆಣ ಎತ್ತುವ ಮುಂಚೆ ಓಣಿಯ ಹಿರಿಯಳು ಅಮೀನಾಬಿ ರಾಜಬಿಯನ್ನು ಗಂಡನ ತಲೆದೆಸೆಗೆ ಕರೆತಂದು, "ಮೆಹರ್ ಮಾಫ್ ಮಾಡೇನಿ ಅನ್ನವ್ವಾ, ಒಂದ ಮಾತು" ಅಂದಿದ್ದಳು. ಎಲ್ಲ ಹೆಂಗಸರೂ ಅನ್ನುವ ಮಾತು ಅದು. ರಾಜಬಿಯ ತುಟಿ ಬಿಚ್ಚಿತು, ದನಿ ಬರಲಿಲ್ಲ. ಅಮೀನಾಬಿ ಮತ್ತೆ ಮತ್ತೆ ಕೇಳಿದಳು. ಬಾಗಿಲಲ್ಲಿ ಹೆಗಲು ಕೊಡಲು ನಿಂತಿದ್ದ ಹಫೀಜ ಕಾದ, ಕಾದ, ಕಡೆಗೆ ತಲೆ ತಗ್ಗಿಸಿ ಜನಾಜಾ ಎತ್ತಿದ. ಹೆಂಗಸರು ಗುಸುಗುಸು ಅಂದರು. ಸಾಲಗಾರನ ಜೀವಕ್ಕೆ ಗೋರಿಯಲ್ಲೂ ನೆಮ್ಮದಿಯಿಲ್ಲವೆಂದು ನಂಬಿದ ಮಗನಿಗೆ ಅದು ಎದೆಯಲ್ಲಿ ಮುಳ್ಳಾಗಿ ಕುಂತಿತು.

"ಗಿಡಾ ಕಡಸೂದ," ಹಫೀಜ ಅಂದ. "ಹೆಂಗೂ ಹುಳಾ ಹತ್ತಿ ಹೋಗೇತಿ. ಗ್ವಾಡಿಯಿಂದ ಗ್ವಾಡಿತನಾ ತಗಡ ಹೊಡಸಿದ್ರ ಪರದಾನೂ ಆತು, ಅಂಗಡಿ ಮಾಲ ಇಡಾಕ ಜಾಗಾನೂ ಆತು."

"ಅರಿವಿ ಎಲ್ಲಿ ಒಣಾ ಹಾಕ್ಲಿ? ನಿಮ್ಮ ತಲೀ ಮ್ಯಾಲ?" ಶಾಹೀನ ಕೇಳಿದಳು.

"ನಿಮ್ಮ ಅತ್ತೀನ ಒಳಗಿನ ಖೋಲ್ಯಾಗ ಇರ್ತಾರ," ಹಫೀಜ ಅಂದ, "ನಿನಗ ಅರಿವಿದ ಏನ ಚಿಂತಿ!"

ರಾಜಬಿ ರೊಟ್ಟಿಯ ಚೂರನ್ನು ತಾಟಿನಲ್ಲೇ ಇಟ್ಟಳು. ಒಳಗಿನ ಖೋಲಿಯೆಂದರೆ ಫೋಮಿನ ಹಾಳೆ ಒಟ್ಟಿದ ಖೋಲಿ. ಕಿಟಕಿ ತೆಗೆದರೆ ಗೋಡೆ. "ಹುಮಾ," ಅಂದಳು, "ನಿಮ್ಮ ಅಬ್ಬಾಗ ಹೇಳು. ಗಿಡಾ ಸತ್ತಿಲ್ಲ. ಬ್ಯಾನಿ ಆಗೇತಿ ಅಷ್ಟ."

ಹಫೀಜ ಕೈ ತೊಳೆದ. "ಪುನರ್ವಸು ಮಳಿ ಮುಗಿಯೂತನಾ ಬಿಡತೇನಿ ಅಂತ ಹೇಳು. ಹುಳಾ ಹೋದ್ರ ಹೋತು. ಇಲ್ಲಂದ್ರ ಗಿಡಾ ಕಡಿಯೂ ಮುಷರಫ ಕೊಡ್ಲಿ ತಗೊಂಡ ಬರ್ತಾನ."

ಹುಮಾ ಈ ಸಲ ಮಾತು ದಾಟಿಸದೆ ತಾಟು ಎತ್ತಿಕೊಂಡು ಎದ್ದಳು.

ಹಗಲೆಲ್ಲ ಒಳಗಿನ ಖೋಲಿಯೇ ರಾಜಬಿಯ ಪಾಲಿಗಾಯಿತು. ಹೊರಗೆ ಶಾಹೀನಳ ಮಶೀನು ಗರ್ರೆನ್ನುವುದು, ಕುಕ್ಕರು ಸೀಟಿ ಹೊಡೆಯುವುದು, ನೀರು ಬಿಟ್ಟ ದಿನ ಕೊಡಗಳ ಜಗಳ. ಎಲ್ಲ ಕೇಳಿಸುತ್ತಿತ್ತು, ಯಾವುದೂ ಆಕೆಯನ್ನು ಕರೆಯುತ್ತಿರಲಿಲ್ಲ. ತಸಬಿಯ ಮಣಿ ಉರುಳಿಸುತ್ತ ಕುಂತರೆ ಒಂದೊಂದು ಹೊತ್ತು ಮಣಿ ನಿಂತೇಬಿಡುತ್ತಿತ್ತು. ಊಟ ಶಾಹೀನ ಅಲ್ಲಿಗೇ ತಂದುಕೊಡುತ್ತಿದ್ದಳು. ಮದುವೆಯಾದಂದಿನಿಂದ ರೊಟ್ಟಿಯಲ್ಲಿ ಹತ್ತಿಯ ಎಳೆ ಸಿಗುತ್ತದೆಂದು ಗಂಡನಿಗೆ ಬೈದವಳು ರಾಜಬಿ. ಈಗ ರೊಟ್ಟಿ ಮುರಿಮುರಿದು ನೋಡುತ್ತಿದ್ದಳು. ಒಂದು ಎಳೆಯೂ ಇರುತ್ತಿರಲಿಲ್ಲ.

ಒಂದು ದಿನ ನಸುಕಿನಲ್ಲಿ, ಮೇಲಿನ ಹುಡುಗರು ಇನ್ನೂ ಮಲಗಿದ್ದಾಗ, ರಾಜಬಿ ಗಾದಿಯ ಹಳೆಯ ಗಲೀಪೊಂದನ್ನು ಗಿಡದ ಕೆಳಗೆ ಹಾಸಿದಳು. ಹತ್ತಿ ಬಡಿಯುವ ಕೋಲು ತೆಗೆದುಕೊಂಡು ಕೈಗೆಟುಕುವ ಟೊಂಗೆಗಳಿಗೆ ಏಟು ಕೊಟ್ಟಳು. ಗಟ್ಟಿಯಾಗಲ್ಲ, ಹತ್ತಿಗೆ ಕೊಡುವಂಥ ಏಟು, ಎಳೆ ಹರಿಯದಂತೆ ಧೂಳು ಮಾತ್ರ ಹಾರುವಂಥದ್ದು. ತಂಪಿಗೆ ಸೆಟೆದಿದ್ದ ಹುಳಗಳು ಕಾಲು ಮಡಚಿ ಕಾಳು ಸುರಿದಂತೆ ಉದುರಿದವು. "ಯಾ ಅಲ್ಲಾ, ನೀ ಹುಟ್ಟಿಸಿದ ಜೀವಾ. ತಪ್ಪಾದ್ರ ಮಾಫ್ ಮಾಡು," ಅನ್ನುತ್ತ ಗಲೀಪಿನ ಮೂಲೆ ಎತ್ತಿ ಎಲ್ಲವನ್ನೂ ಸೀಮೆಎಣ್ಣೆ ಬೆರೆಸಿದ ನೀರಿಗೆ ಸುರಿದಳು.

"ಏನ್ರಿ ಅತ್ತಿ ಇದು, ಕತ್ತಲಾಗ?" ಶಾಹೀನ ಕಣ್ಣುಜ್ಜುತ್ತ ಬಾಗಿಲಿಗೆ ಬಂದಳು.

"ನಿದ್ದಿ ಬರಲಿಲ್ಲವ್ವಾ."

"ನಿದ್ದಿ ಬರಲಿಲ್ಲಂದ್ರ ಗಿಡಾ ಬಡೀತಾರೇನ್ರಿ?" ಶಾಹೀನ ಗೊಣಗಿದಳು. ಗೊಣಗುತ್ತಲೇ ಸೆರಗು ಸಿಗಿಸಿ ಗಲೀಪಿನ ಇನ್ನೊಂದು ಮಗ್ಗುಲು ಹಿಡಿದಳು. "ಇತ್ತಾಗ ಬಡೀರಿ. ಇಲ್ಲೆ ಬಾಳ ಅದಾವ."

ಗೋಡೆಯಾಚೆಯಿಂದ ದುರಗವ್ವ ಇಣುಕಿದಳು. "ಏನ ರಾಜಬೀ, ಗಿಡದ ಗಾದಿ ತುಂಬಾಕತ್ತೀಯೇನ?"

ರಾಜಬಿಗೆ ನಗು ಬಂತು. ಎಷ್ಟೋ ದಿನಕ್ಕೆ ಬಂದ ನಗು. ಗಂಟಲಲ್ಲಿ ಕೆಮ್ಮಾಗಿ ಹೊರಟಿತು.

"ಆ ಹುಳಾ ಎಣ್ಣಿಗೆ ಯಾಕ ಹಾಕ್ತಿ, ಕೊಡ ಇಲ್ಲೆ, ನನ್ನ ಕೋಳಿ ತಿಂತಾವು."

ಕೊಟ್ಟರು. ದುರಗವ್ವನ ಕೋಳಿಗಳು ಒಂದೊಂದು ಕುಕ್ಕಿ, ಕೊಕ್ಕು ಮಣ್ಣಿಗೆ ತಿಕ್ಕಿ, ಮೋತಿ ತಿರುವಿ ಹೋದವು. "ನೋಡ, ಎಂಥಾ ಶ್ರೀಮಂತರು!" ಅಂದಳು ದುರಗವ್ವ. "ಗಟಾರಾ ಕೆದರಿ ತಿಂತಾವು, ಬದಾಮಿ ಹುಳಾ ಬ್ಯಾಡಂತ."

ಆರಿದ್ರಾ ಮಳೆ ಹೀಗೆ ಕಳೆಯಿತು. ದಿನವೂ ನಸುಕಿನಲ್ಲಿ ಬಡಿಯುವುದು, ದಿನವೂ ಹುಳ ಉದುರುವುದು, ಮರುದಿನ ಅಷ್ಟೇ ಹುಳ ಮತ್ತೆ ಎಲೆಗೆ ಹತ್ತಿ ಕುಂತಿರುವುದು. ಹಫೀಜ ಔಷಧದ ಡಬ್ಬಿ ತಂದ. "ಕುಡಿಯೂ ನೀರಿನ ಟಾಕಿ ಅದರ ಬುಡಕ್ಕ ಐತಿ, ಯಾರ್ನ ಸಾಯಸ್ತೀರಿ?" ಅಂತ ಶಾಹೀನ ಅದನ್ನು ಹೊರಗಿನಿಂದ ಹೊರಗೇ ತಿರುಗಿ ಕಳಿಸಿದಳು. ಹುಮಾ ಒಂದು ಎಲೆ ತಂದು ಅಜ್ಜಿಯ ಮುಂದೆ ಹಿಡಿದಳು. ಮರಿಹುಳ ಕೊರೆದ ಗೆರೆಗಳು ಸುತ್ತಿ ಬಳಸಿ, ಕೆಳಗೆ ಒಂದೊಂದು ಚುಕ್ಕೆಯಂಥ ತೂತು ಇಟ್ಟು ಹೋಗಿದ್ದವು.

"ದಾದೀ ನೋಡ, ಹುಳಾ ಅರಬಿ ಬರದಾವು. ಓದ ನೋಡೂಣು."

"ನನಗ ಓದಾಕ ಬರ್ತಿದ್ರ..." ಅಂದಳು ರಾಜಬಿ. ಮಾತು ಅಲ್ಲಿಗೇ ಬಿಟ್ಟು ಎಲೆಯನ್ನು ಬೆಳಕಿಗೆ ಹಿಡಿದು ಬಾಳಹೊತ್ತು ನೋಡಿದಳು. ಐದು ಹೊತ್ತಿನ ನಮಾಜಿಗೆ ಬೇಕಾದಷ್ಟು ಬಾಯಿಪಾಠ ಆಕೆಗಿತ್ತು. ಅಕ್ಷರ ಇರಲಿಲ್ಲ.

ಪುನರ್ವಸು ಹತ್ತಿತು. ಒಂದು ಮಧ್ಯಾಹ್ನ ದುರಗವ್ವ ಶೇಂಗಾ ಚಟ್ನಿ ತಂದಳು, ಒಳಗಿನ ಖೋಲಿಯಲ್ಲಿ ರಾಜಬಿಯ ಮಗ್ಗುಲಿಗೆ ಕುಂತಳು, ಮೂಗು ಮುಚ್ಚಿಕೊಂಡಳು.

"ಏನ ವಾಸನಿ ಇದು? ಇದರಾಗ ಹೆಂಗ ಇರ್ತೀಯವ್ವಾ?"

"ಫೋಮಿಂದು. ರೂಢಿ ಆಗೇತಿ."

"ಏನ ರೂಢಿ! ನಿನ್ನ ಕಣ್ಣ ನೋಡ, ಬತ್ತಿದ ಬಾವಿ ಆಗ್ಯಾವು. ಗಿಡದ ಬುಡಕ್ಕ ಬಾ, ಕುಂದ್ರೂಣು."

"ಹ್ಯಾಂಗ ಬರ್ಲಿ? ನಿನ್ನ ಕಿಟಕಿ ಕಾಣಸ್ತೈತಿ. ಅದಕ್ಕ ಗಿಡಾನ ಕಡಸ್ತಾನಂತ ನಮ್ಮ ಹಫೀಜ. ತಗಡಿನ ಪರದಾ ಮಾಡ್ತಾನಂತ."

ದುರಗವ್ವ ಚಟ್ನಿಯ ವಾಟಿ ನೆಲಕ್ಕಿಟ್ಟಳು. "ನನ್ನ ಕಿಟಕಿ ಸಂಬಂಧ ನಿನ್ನ ಗಿಡಾ ಕಡೀಬೇಕೇನ? ನನಗ ಯಾರರ ಒಂದ ಮಾತ ಹೇಳಬಾರ್ದ?"

ಮರುದಿನ ಮುಂಜಾನೆ ಆಕೆಯ ಮಗ ದುರ್ಗೇಶ ಮಾಳಿಗೆಯ ಕಿಟಕಿಗೆ ಮೊಳೆ ಹೊಡೆಯುತ್ತಿದ್ದ. ಹಸಿರು ಇಲಕಲ್ಲ ಸೀರೆಯೊಂದು ಕಿಟಕಿಯ ತುಂಬ ಹರವಿಕೊಂಡಿತು. ಅಂಗಡಿಗೆ ಹೊರಟಿದ್ದ ಹಫೀಜ ಗಾಡಿ ನಿಲ್ಲಿಸಿದ.

"ಇದೇನ ಕಾಕು?" ಕೆಳಗೆ ನಿಂತಿದ್ದ ದುರಗವ್ವನನ್ನು ಕೇಳಿದ.

"ಸೀರಿ. ಕಾಣೂದಿಲ್ಲೇನ?"

"ಬಾಡಿಗಿ ಹುಡುಗೂರಿಗೆ ಗಾಳಿ ಬ್ಯಾಡೇನ?"

"ಗಾಳಿ ಬೇಕಂದ್ರ ಓಣ್ಯಾಗ ಅಡ್ಡಾಡ್ತಾರ, ಕಾಲ ಅದಾವ. ನಿಮ್ಮವ್ವನ ಇದ್ದತ್ತ ಮುಗಿಯೂತನಾ ಸೀರಿ ಇರ್ತೈತಿ. ಈಗ ಪರದಾ ಆತಲ್ಲಪಾ, ಇನ್ನ ಗಿಡಾ ಯಾಕ ಕಡಸ್ತಿ?"

"ಅದ ನಮ್ಮ ಮನೀ ಮಾತ ಐತಿ ಕಾಕು."

"ಹೌದೌದು, ನಿಮ್ಮ ಮನಿ. ನೆರಳ ಅಷ್ಟ ಎರಡೂ ಮನೀದು, ಅದಕ್ಕ ಕೇಳಿದ್ನಿ."

ಹಫೀಜ ಗಾಡಿ ಬಿಟ್ಟು ಒಳಗೆ ಬಂದ. ಹೆಂಡತಿಯ ಮೇಲೆ ಹರಿಹಾಯ್ದ. "ಮನೀ ಮಾತ ಓಣಿಗೆ ಯಾರ ಹೇಳಿದ್ರು?"

"ಓಣಿಗೆ ಹೇಳಾಕ ಏನೈತಿ? ಗಿಡಾ ಬೋಳಾಗಿದ್ದು ಓಣಿಗೆ ಕಾಣೂದಿಲ್ಲೇನ?" ಶಾಹೀನ ಮಶೀನು ನಿಲ್ಲಿಸಲಿಲ್ಲ. "ಖರೇ ಹೇಳ್ರಿ. ನಿಮಗ ಬೇಕಾಗಿದ್ದು ಪರದಾ ಅಲ್ಲ, ಗೋದಾಮ. ಗೋದಾಮ ಬೇಕಂದ್ರ ಗೋದಾಮ ಅನ್ರಿ. ಅತ್ತೀ ಇದ್ದತ್ತಿನ ಮ್ಯಾಲ ಯಾಕ ಹಾಕ್ತೀರಿ?"

"ಹೌದು, ಗೋದಾಮ! ಮಾಲ ಮಳ್ಯಾಗ ತೊಯ್ದ್ರ ನೀ ಉಣ್ಣಾಕ ಹಾಕ್ತೀಯೇನ? ಮತ್ತ ಅಬ್ಬಾನ ಸಾಲ ಯಾರ ತೀರಸ್ಬೇಕು?" ದನಿ ಒಳಗಿನ ಖೋಲಿಯ ಕಡೆ ತಿರುಗಿತು. "ಹುಮಾ! ನಿಮ್ಮ ದಾದಿನ್ನ ಕೇಳು, ಮೆಹರ್ ಎಷ್ಟ ಇತ್ತಂತ. ಇವತ್ತ ಕೊಡತೇನಿ. ಅಂಗಡಿ ಮಾರಿ ಕೊಡತೇನಿ."

ಹುಮಾ ಪುಸ್ತಕದ ಚೀಲ ಹೆಗಲಿಗೇರಿಸಿ ನಿಂತಿದ್ದವಳು ಖೋಲಿಯ ಬಾಗಿಲಿಗೆ ಹೋದಳು. ಕೇಳಬೇಕಾಗಿರಲಿಲ್ಲ.

"ಎಷ್ಟು ಅಂತ ಹೇಳಾಕ ಬರೂದಿಲ್ಲವ್ವಾ ಅದು," ಅಂದಳು ರಾಜಬಿ.

"ನೋಡು!" ಹಫೀಜ ಹೆಂಡತಿಗೆ ಅಂದ. "ಹೇಳಾಕ ಬರಲಾರದಷ್ಟ ಐತಂತ." ಗಾಡಿ ಸದ್ದು ಓಣಿ ದಾಟಿ ಹೋಯಿತು.

ಆ ದಿನದಿಂದ ರಾಜಬಿ ಸಂಜೆ ಹೊತ್ತು ಅಂಗಳದ ಕಲ್ಲಿನ ಮೇಲೆ ಕುಂದ್ರತೊಡಗಿದಳು. ಮೇಲೆ ಹಸಿರು ಸೀರೆ ಗಾಳಿಗೆ ಉಬ್ಬುತ್ತಿತ್ತು, ನಡುವೆ ಗಿಡ ಎಲುಬಿನ ಹಂದರದಂತೆ ನಿಂತಿತ್ತು. ಮನೆಯಲ್ಲಿ ನಾಕು ಮಂದಿ, ಓಣಿ ತುಂಬ ಮಂದಿ. ಆದರೂ ಬಿಲ್ಲಿನ ಟಂಯ್ ಟಂಯ್ ಸದ್ದಿಲ್ಲದ ಆ ಸಂಜೆ ಎಷ್ಟು ಉದ್ದವೆಂಬುದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಗಿಡಕ್ಕೆ ಹೇಳೋಣವೆಂದರೆ ಅದಕ್ಕೆ ಅಲುಗಲು ಎಲೆಯೂ ಉಳಿದಿರಲಿಲ್ಲ.

ಪುನರ್ವಸು ಮಳೆ ಮುಗಿಯುತ್ತ ಬಂತು. ಶುಕ್ರವಾರ ಮಧ್ಯಾಹ್ನದ ನಮಾಜಾದ ಮೇಲೆ ಬರುವೆನೆಂದು ಮುಷರಫ ಹೇಳಿಕಳಿಸಿದ. ಆ ಶುಕ್ರವಾರದ ನಸುಕಿನಲ್ಲೂ ಅತ್ತೆ ಸೊಸೆ ಗಲೀಪು ಹಾಸಿದರು. ಟೊಂಗೆ ಬಡಿಯುವಾಗ ಶಾಹೀನಳ ಕಾಲಿಗೆ ತಾಡಪಲ್ಲಿನ ಅಂಚು ತೊಡಕಿತು. ತಾಡಪಲ್ಲು ಸರಿಯಿತು. ಆಕೆ ಬಾಗಿ ನೋಡಿದವಳು ಹಿಂದಕ್ಕೆ ಹಾರಿದಳು.

"ಅಯ್ಯ ಅಲ್ಲಾ! ಅತ್ತಿ, ಇಲ್ಲೆ ಬರ್ರಿ."

ಅಲ್ಲಾವುದ್ದೀನಸಾಬ ಕೊನೆಗೆ ಹಿಂಜಿದ ಹತ್ತಿ ಬೆಚ್ಚಗೆ, ಒಣಗಿಯೇ ಇತ್ತು. ಅದರ ಎಳೆ ಎಳೆಯ ನಡುವೆ ಹಳದಿ ಬಣ್ಣದ ಕೋಶಗಳು ತೊಟ್ಟಿಲಲ್ಲಿ ಮಲಗಿದಂತೆ ಮಲಗಿದ್ದವು. ಕೆಲವು ಒಡೆದಿದ್ದವು, ಅವುಗಳಿಂದ ಮಸಿನೀಲಿ ಹುಳ ಆಗಷ್ಟೇ ಎದ್ದು, ಮೈ ಆರಿಸಿಕೊಂಡು, ಕಾಂಡದ ಕಡೆ ನಡೆದಿತ್ತು. ಕಾಂಡದಿಂದ ಇನ್ನಷ್ಟು ಮರಿಹುಳ ಹತ್ತಿಯ ಕಡೆ ಇಳಿಯುತ್ತಿದ್ದವು. ಮೇಲೆ ತಿಂದು, ಕೆಳಗೆ ಮಲಗಿ, ಮತ್ತೆ ಮೇಲೆ.

"ಹುಳದ ಮನಿ ಇಲ್ಲೇ ಐತ್ರಿ ಅತ್ತಿ. ನಾವು ಮ್ಯಾಲ ಬಡಿದು ಬಡಿದು..."

ಹೊದಿಸಿದವಳು ರಾಜಬಿ. ಮುಟ್ಟಬೇಡಿರೆಂದವಳೂ ಆಕೆಯೇ.

ರಾಜಬಿ ಹತ್ತಿಯ ಮುಂದೆ ಕುಕ್ಕರುಗಾಲಲ್ಲಿ ಕುಂತಳು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಹತ್ತಿಯಲ್ಲಿ ಆತನ ಬೀಡಿಯ ವಾಸನೆ ಇನ್ನೂ ಇತ್ತು. ಪೂರ್ವದಲ್ಲಿ ಬೆಳಕು ಹರಿಯುವತನಕ ಆಕೆ ಅಲುಗಲಿಲ್ಲ. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು.

"ಹಿಡಿಯವ್ವಾ. ಎಳಿ ಆಚೆಗೆ."

"ಅತ್ತಿ, ನೀವ ಒಳಗ ಹೋಗ್ರಿ, ನಾ ಮತ್ತ ಹುಮಾ ಮಾಡತೇವಿ."

"ನಾ ಹೊದಿಸಿದ್ದು. ನಾನ ತಗೀತೇನಿ."

ಹುಮಾಳನ್ನೂ ಎಬ್ಬಿಸಿ, ಮೂವರೂ ಸೇರಿ ಹತ್ತಿಯನ್ನು ಗಲೀಪಿಗೆ ತುಂಬಿ ಅಂಗಳದ ಆ ಮೂಲೆಗೆ ಎಳೆದೊಯ್ದು ಸುರಿದರು. ಬುಡದ ಕಸ, ಒಣಗಿದೆಲೆ, ಎಲ್ಲ ಅದರ ಮೇಲೆ ಹಾಕಿದರು. ಸೀಮೆಎಣ್ಣೆ ಸುರಿದು ರಾಜಬಿಯೇ ಕಡ್ಡಿ ಗೀರಿದಳು. ಹತ್ತಿ ಒಮ್ಮೆ ಭಗ್ಗೆಂದು, ಆಮೇಲೆ ದಟ್ಟ ಬಿಳಿ ಹೊಗೆಯಾಗಿ ಉರಿಯತೊಡಗಿತು.

ಹೊಗೆ ನೋಡಿ ಹಫೀಜ ಬನಿಯನ್ನಿನಲ್ಲೇ ಹೊರಗೋಡಿ ಬಂದ. ಬೆಂಕಿ ನೋಡಿದ. ಪಕ್ಕದಲ್ಲಿ ಬಿದ್ದ ತಾಡಪಲ್ಲು ನೋಡಿದ.

"ಅವ್ವಾ!" ಅಂದ. ಜನಾಜಾದ ದಿನದಿಂದ ಆತ ಆಕೆಯನ್ನು ಕರೆದದ್ದು ಅದೇ ಮೊದಲು. "ಅಬ್ಬಾನ ಹತ್ತಿ ಸುಡಾಕತ್ತೀಯೇನ? ಮೆಹರ್ ಅಂತೂ ಬಿಡಲಿಲ್ಲ ನೀ. ಇದನ್ನರ ಇಡಬೇಕಾಗಿತ್ತಲ್ಲ! ಆತಂದು ಮತ್ತೇನ ಉಳದೈತಿ ಈ ಮನ್ಯಾಗ?"

"ಹುಳಾ ಆಗಿದ್ದುವ್ರಿ ಅದರಾಗ..." ಶಾಹೀನ ಅಡ್ಡ ಬಂದಳು. ರಾಜಬಿ ಕೈಯೆತ್ತಿ ತಡೆದಳು.

"ಬಿಡಲಿಲ್ಲ, ಹೌದು," ಅಂದಳು. "ಎಷ್ಟ ಇತ್ತು, ಎಷ್ಟ ಇತ್ತು ಅಂತ ಕೇಳಿದಿ. ಏನ ಇತ್ತು ಅಂತ ಒಮ್ಮ್ಯರ ಕೇಳಿದೇನ?"

ರಾಜಬಿ ಕೋಲಿನಿಂದ ಹತ್ತಿಯ ಅಂಚನ್ನು ಬೆಂಕಿಗೆ ದೂಡಿದಳು.

"ಮೆಹರಿನ ರೊಕ್ಕಾ ನಿಮ್ಮಪ್ಪ ನಿಕಾಹದ ದಿನಾನ ನನ್ನ ಉಡ್ಯಾಗ ಹಾಕಿದ್ದಾ. ಒಂದ ಪೈಸಾ ಬಾಕಿ ಇಟಗೊಂಡಾವಲ್ಲ ಆತ. ಆದ್ರ ನಮ್ಮವ್ವ ಒಂದ ಕೇಳಿದ್ಲು. ಆಕಿಗೂ ಓದಾಕ ಬರ್ತಿರಲಿಲ್ಲ. 'ನನ್ನ ಮಗಳಿಗೆ ಕುರಾನ ಓದಾಕ ಕಲಸು. ನಾ ಸತ್ತ ದಿನಾ ನನ್ನ ಹೊಟ್ಟೀಲೆ ಹುಟ್ಟಿದಾಕಿ ನನ್ನ ತಲಿಗೆ ಕುರಾನದಾಗಿನ ಯಾಸೀನ ಓದಬೇಕು' ಅಂದ್ಲು. ಖಾಜಿ ಸಾಹೇಬ್ರು ನಕ್ರು. 'ಹಾಂ ಅನ್ನಪಾ, ಇದೂ ಮೆಹರಿನಾಗ ಸೇರ್ತು' ಅಂದ್ರು. ನಿಮ್ಮಪ್ಪ ಎಲ್ಲಾರ ಮುಂದ ಹಾಂ ಅಂದಾ."

ಬೆಂಕಿ ಚಟಪಟ ಅಂದಿತು.

"ಈ ಗಿಡದ ಬುಡಕ್ಕ ಕುಂದರಿಸಿ ಸುರು ಮಾಡಿದ್ದಾ. ಅಲಿಫ್, ಬೇ, ತೇ... ಮುಂದ ಕೆಲಸ ಬಾಳ ಬಂತು. ನೀ ಹುಟ್ಟಿದಿ. ನಾಳಿ ಅಂದಾ. ನಾನೂ ನಾಳಿ ಅಂದ್ನಿ. ನಮ್ಮವ್ವ ಸತ್ಲು, ಯಾರೋ ಬಂದು ಓದಿದ್ರು. ಆವತ್ತ ಅಮೀನಾಬಿ ಮಾಫ್ ಅನ್ನು ಅಂದಾಗ ಅನಬೇಕಂತನ ಬಾಯಿ ತಗದಿದ್ನಿ. ಬರಲಿಲ್ಲಪಾ. ಆತನ ತಲಿಗೆ ಓದಾಕೂ ಬರಲಿಲ್ಲ, ಮಾಫ್ ಅನ್ನಾಕೂ ಬರಲಿಲ್ಲ. ಸುಮ್ಮನ ನಿಂತ್ನಿ."

ಹಫೀಜನ ದನಿ ತಗ್ಗಿತ್ತು. "ನನಗ ಕಲಿಸಿದನಲ್ಲ ಅಬ್ಬಾ. ದಿನಾ ಸಂಜೀಗೆ, ಇಲ್ಲೇ ಕುಂದರಿಸಿ. ನಿನಗ ಯಾಕ ಕಲಸಲಿಲ್ಲ?"

"ಹೊತ್ತ ಒಂದ ಇತ್ತಲ್ಲಪಾ ಆತಗ," ಅಂದಳು ರಾಜಬಿ. "ಸಂಜೀ ಹೊತ್ತು. ಅದನ್ನ ನಿನಗ ಕೊಟ್ಟಾ. ನಾ ಆವಾಗ ರೊಟ್ಟಿ ಬಡೀತಿದ್ದೆ. ಒಳಗಿಂದ ನಿಮ್ಮಿಬ್ಬರ ದನಿ ಕೇಳ್ತಿದ್ದೆ."

ಹುಮಾ ಕಾಲೇಜಿಗೆ ಹೋಗುವುದನ್ನು ಮರೆತು ನಿಂತಿದ್ದಳು. ಯಾರ ಮಾತನ್ನೂ ಯಾರಿಗೂ ಮುಟ್ಟಿಸುವ ಕೆಲಸ ಅಂದು ಆಕೆಗಿರಲಿಲ್ಲ. ಶಾಹೀನ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಯ ಮೇಲೆ ಹಾಕಿ, "ಎಂಥಾ ಖಾರ ಹೊಗಿ" ಅಂದಳು.

ಮಧ್ಯಾಹ್ನ ಮುಷರಫ ಹಗ್ಗ, ಕೊಡಲಿ ಹೊತ್ತು ಬಂದ. ಹಫೀಜ ಮಸೀದಿಯಿಂದ ಆಗಷ್ಟೇ ಬಂದಿದ್ದ. ಬಾಗಿಲಲ್ಲೇ ನಿಲ್ಲಿಸಿ ಚಹಾ ಕೊಡಿಸಿದ.

"ಯಾವ ಕಡಿಂದ ಸುರು ಮಾಡ್ಲಿ?" ಮುಷರಫ ಕೇಳಿದ.

"ಒಂದ ಟೊಂಗಿ ಒಣಗೇತಿ, ಟಾಕಿ ಮ್ಯಾಲಿಂದು. ಅದಷ್ಟ ತಗದು ಹೋಗು."

"ಗಿಡಾ?"

"ಗಿಡಾ ಇರ್ಲಿ."

"ಮತ್ತ ಗೋದಾಮ?"

"ಅಂಗಡಿ ಹಿಂದಿನ ಖೋಲಿ ಬಾಡಿಗಿಗೆ ಕೇಳೇನಿ. ಚಹಾ ಆರತೈತಿ, ಕುಡಿ."

ಹತ್ತಿಯ ಬೂದಿಯನ್ನು ಶಾಹೀನ ಗಿಡದ ಬುಡಕ್ಕೇ ಹಾಕಿದಳು. ಮುಂದಿನ ದಿನಗಳಲ್ಲಿ ಬಡಿದರೆ ಗಲೀಪಿಗೆ ಬೀಳುವ ಹುಳ ಕಡಿಮೆಯಾಗುತ್ತ ಬಂತು. ಒಂದು ಬೆಳಗ್ಗೆ ಹಿಡಿಯಷ್ಟೂ ಸಿಗಲಿಲ್ಲ. ಮನೆ ಏಕಾಏಕಿ ಬದಲಾಯಿತೆಂದೇನಲ್ಲ. ಹಫೀಜ ತಾಯಿಯ ಕೂಡ ಮಾತಾಡುತ್ತಿದ್ದ, ಆದರೆ ಬಿಸಿ ಹಂಚು ಮುಟ್ಟುವವನಂತೆ: "ಗುಳಿಗಿ ತಗೊಂಡಿಯೇನ?" "ಹಾಂ." "ಚಹಾ?" "ಆತು." ಅಷ್ಟೇ. ರಾತ್ರಿ ಊಟಕ್ಕೆ ರಾಜಬಿ ಈಗ ಅಡುಗೆಮನೆಗೇ ಬರುತ್ತಿದ್ದಳು. ಉಂಡು ಎದ್ದ ಮೇಲೆ ಖೋಲಿಯ ಒಂಟಿತನ ಅದೇ ಇತ್ತು, ಹಾಸಿಗೆಯ ಒಂದು ಮಗ್ಗುಲು ಅದೇ ತಣ್ಣಗಿತ್ತು. ಅದನ್ನು ಅಲ್ಲಾಹ್ ಕೊಟ್ಟದ್ದೆಂದು ಆಕೆ ತಸಬಿಯ ಮಣಿಗೆ ಸೇರಿಸಿಕೊಂಡಿದ್ದಳು.

ಪುಷ್ಯ ಮಳೆ ಸಣ್ಣಗೆ ಜಿನುಗುತ್ತ ಬಂತು. ಬೋಳು ಟೊಂಗೆಗಳ ತುದಿಯಲ್ಲಿ ಮೊಗ್ಗೆಯಂಥವು ಒಡೆದು, ಮೊಲದ ಕಿವಿಯಂತೆ ನಿಂತವು. ಒಂದು ನಸುಕಿನಲ್ಲಿ ಮಳೆ ಬಿಟ್ಟಿತ್ತು. ರಾಜಬಿ ನಮಾಜು ಮುಗಿಸಿ ಕಲ್ಲಿನ ಮೇಲೆ ಕುಂತು ಆ ಎಳೆ ಎಲೆಗಳನ್ನೇ ನೋಡುತ್ತಿದ್ದಳು. ಮಸೀದಿಯಿಂದ ಬಂದ ಹಫೀಜ ಚಪ್ಪಲಿ ಬಿಟ್ಟು, ಒಳಗೆ ಹೋಗದೆ, ಅಂಗಳದಲ್ಲೇ ಚಾಪೆ ಹಾಸಿದ. ತಾಯಿಯ ಎದುರಿಗಲ್ಲ, ಮಗ್ಗುಲಿಗೆ ಕುಂತ. ಅಂಗಿಯ ಒಳಗಿನಿಂದ ಸಾಲಿ ಮಕ್ಕಳು ಓದುವಂಥ ತೆಳ್ಳನೆಯ ಅರಬಿ ಪುಸ್ತಕ ತೆಗೆದು, ಮೊದಲ ಪುಟ ಬಿಚ್ಚಿ, ತನ್ನ ಮೊಣಕಾಲಿನ ಮೇಲೆ ಹಿಡಿದ.



"ಎಲ್ಲೀತನಾ ಕಲಿಸಿದ್ದಾ ಅಬ್ಬಾ?" ಹಫೀಜ ಕೇಳಿದ.

ರಾಜಬಿ ಸೆರಗು ಸರಿಪಡಿಸಿಕೊಂಡಳು. ಬೆರಳು ಮೊದಲ ಅಕ್ಷರದಿಂದ ಹೊರಟು, ತಡೆತಡೆದು, ಹೊಟ್ಟೆಯೊಳಗೆ ಚುಕ್ಕೆಯಿದ್ದ ಒಂದು ಅಕ್ಷರದ ಮೇಲೆ ನಿಂತಿತು. "ಜೀಮ್," ಅಂದಳು. "ಇಲ್ಲೀತನಾ."

"ಹಾಂ," ಅಂದ ಮಗ. ತಾಯಿಯ ಬೆರಳನ್ನು ಮೆಲ್ಲಗೆ ಹಿಡಿದು ಮುಂದಿನ ಅಕ್ಷರಕ್ಕೆ ಸರಿಸಿದ. "ಇದು ಹೇ. ಗಂಟಲಿನಿಂದ ಅನಬೇಕು."

ರಾಜಬಿ ಅಂದಳು.